ಕಾವೇರಿಯ ಕಲ್ಲುಸೇತುವೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಕುಮಾರಸ್ವಾಮಿ ಬಡಾವಣೆಯಲ್ಲಿ ನದಿಯಿಲ್ಲ. ಆದರೂ ಅಲ್ಲಿನ ಮನೆಗಳ ನಲ್ಲಿಗಳಲ್ಲಿ ನದಿಯೊಂದರ ನೀರು ಬರುತ್ತದೆ. ಆ ನದಿ ಕಾವೇರಿ. ಕೊಡಗಿನಲ್ಲಿ ಹುಟ್ಟಿ, ಕನ್ನಂಬಾಡಿಯ ಕಟ್ಟೆಯನ್ನು ದಾಟಿ, ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಈ ನದಿಯ ನೀರನ್ನು ಶಿವನಸಮುದ್ರದ ಸಮೀಪದಿಂದ ಬೆಂಗಳೂರಿಗೆ ಏರಿಸಲಾಗುತ್ತಿದೆ. ಈ ಯೋಜನೆಯ ಮೊದಲ ಹಂತ 1974ರಲ್ಲಿ ಕಾರ್ಯಾರಂಭ ಮಾಡಿತು. ಸುಮಾರು ನೂರು ಕಿಲೋಮೀಟರುಗಳ ದೂರವನ್ನು ಕೊಳವೆಗಳಲ್ಲಿ ಕ್ರಮಿಸಿ, ಯಂತ್ರಗಳ ಬಲದಿಂದ ಎತ್ತರದ ನಾಡಿಗೆ ಏರಿ, ಆ ನೀರು ನಮ್ಮ ಲೋಟವನ್ನು ಸೇರುತ್ತದೆ. ಆದರೆ ಅದಕ್ಕೂ ಮೊದಲು ಅದರ ಒಂದು ಪಾಲು ಶ್ರೀರಂಗಪಟ್ಟಣದ ಬಳಿ ಹಳೆಯದೊಂದು ಕಲ್ಲುಸೇತುವೆಯ ಕಂಬಗಳ ನಡುವೆ ನುಸುಳಿ ಬಂದಿರುತ್ತದೆ. ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ಆ ಕಂಬಗಳು ಅಲ್ಲಿ ನಿಂತಿವೆ. ಆ ಸೇತುವೆಗೆ ವೆಲ್ಲೆಸ್ಲಿ ಸೇತುವೆ ಎಂದು ಹೆಸರು.

ನಾನು ಅಧ್ಯಾಪಕನಾಗಿದ್ದಾಗ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳೊಡನೆ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋಗಿದ್ದೆ. ರಂಗನಾಥನ ಗುಡಿ, ಕೋಟೆ, ದರಿಯಾ ದೌಲತ್, ಗುಂಬಜ್ ಇವೆಲ್ಲವನ್ನೂ ನೋಡಿಯಾದ ಮೇಲೆ ಸೇತುವೆಯ ಬಳಿ ಬಂದೆವು. ಬೇಸಗೆಯಾದ್ದರಿಂದ ನದಿ ಬಡವಾಗಿತ್ತು. ಬಂಡೆಗಳ ಬೆನ್ನು ನೀರಿನ ಮೇಲೆ ಎದ್ದು ಕಾಣುತ್ತಿತ್ತು. ನಾನು ವಾಡಿಕೆಯಂತೆ ಸೇತುವೆಯ ಹೆಸರನ್ನೂ ಇಸವಿಯನ್ನೂ ಹೇಳಿ ಮುಗಿಸಿದೆ. ಆಗ ಹುಡುಗಿಯೊಬ್ಬಳು, "ಸಾರ್, ಇದನ್ನು ವೆಲ್ಲೆಸ್ಲಿ ಕಟ್ಟಿದರೆ?" ಎಂದು ಕೇಳಿದಳು. "ಇಲ್ಲಮ್ಮ, ದಿವಾನ್ ಪೂರ್ಣಯ್ಯನವರು ಕಟ್ಟಿಸಿದರು" ಎಂದೆ. "ಕಟ್ಟಿಸಿದವರು ಅವರು. ಕಟ್ಟಿದವರು ಯಾರು ಸಾರ್?" ಎಂದಳು. ಆಕೆಯ ತಂದೆ ಕಲ್ಲು ಕೆಲಸದವರು. ನಮ್ಮ ಬಡಾವಣೆಯ ಎಷ್ಟೋ ಮನೆಗಳ ಮೆಟ್ಟಿಲುಗಳನ್ನು ಕಡೆದು ಕೂರಿಸಿದವರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ಪ್ರಶ್ನೆಗಳು ಕೇಳಿದವರನ್ನು ಬಿಟ್ಟು ಕೇಳಿಸಿಕೊಂಡವರ ಬೆನ್ನು ಹತ್ತುತ್ತವೆ. ಈ ಪಾಠವು ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಶ್ರೀರಂಗಪಟ್ಟಣವು ಒಂದು ದ್ವೀಪ. ಕಾವೇರಿಯು ಇಲ್ಲಿ ಎರಡು ಕವಲುಗಳಾಗಿ ಒಡೆದು, ಊರನ್ನು ತೋಳುಗಳಿಂದ ಬಳಸಿಕೊಂಡು, ಮುಂದೆ ಮತ್ತೆ ಒಂದಾಗುತ್ತದೆ. 1610ರಲ್ಲಿ ರಾಜ ಒಡೆಯರು ಇದನ್ನು ವಶಪಡಿಸಿಕೊಂಡ ಬಳಿಕ ಇದು ಮೈಸೂರು ಸಂಸ್ಥಾನದ ರಾಜಧಾನಿಯಾಯಿತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಇದರ ಕೀರ್ತಿ ದೂರದ ದೇಶಗಳಿಗೂ ಹಬ್ಬಿತು. ರಾಜಧಾನಿಗೆ ನದಿಯೇ ಅಗಳು. ಶತ್ರುವನ್ನು ತಡೆಯುವುದರಲ್ಲಿ ಅದು ಕೋಟೆಯ ಗೋಡೆಗಿಂತ ಕಡಮೆಯದಾಗಿರಲಿಲ್ಲ. ಆದರೆ ಯುದ್ಧಕಾಲದಲ್ಲಿ ರಕ್ಷಣೆಯಾಗುವ ನೀರು ಶಾಂತಿಕಾಲದಲ್ಲಿ ಅಡಚಣೆಯಾಗುತ್ತದೆ. ಬೇಸಗೆಯಲ್ಲಿ ಜನರು ಬಂಡೆಯಿಂದ ಬಂಡೆಗೆ ಕಾಲಿಟ್ಟು ನದಿಯನ್ನು ದಾಟಬಹುದು. ಮುಂಗಾರು ಮೊದಲಾಗಿ ಕೊಡಗಿನಲ್ಲಿ ಮಳೆ ಹಿಡಿದರೆ ಆ ದಾರಿ ಮುಚ್ಚುತ್ತದೆ. ಆಗ ಉಳಿಯುವುದು ಹರಿಗೋಲು ಒಂದೇ. ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸಿ ಮಾಡಿದ ಆ ದುಂಡನೆಯ ದೋಣಿಯಲ್ಲಿ ಕೆಲವರು ಮನುಷ್ಯರು ದಾಟಬಹುದು. ದವಸದ ಬಂಡಿ ದಾಟಲಾರದು. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನೋ ಜ್ವರದಿಂದ ನರಳುವ ಮಗುವನ್ನೋ ಆಚೆಯ ದಡಕ್ಕೆ ಕರೆದೊಯ್ಯಬೇಕಾದರೆ ನದಿಯ ಮರ್ಜಿಯನ್ನೇ ಕಾಯಬೇಕಾಗಿತ್ತು.

1799ರ ಮೇ 4ರಂದು ಆಂಗ್ಲರ ಸೈನ್ಯವು ಕಾವೇರಿಯ ಬಂಡೆಗಳ ಪಾತ್ರವನ್ನು ನಡೆದೇ ದಾಟಿ ಕೋಟೆಯನ್ನು ಹೊಕ್ಕಿತು. ಮುಂಗಾರು ಬಂದು ನದಿ ತುಂಬುವ ಮೊದಲೇ ಕೋಟೆಯನ್ನು ಹಿಡಿಯಬೇಕೆಂಬ ಆತುರ ಅವರಿಗಿತ್ತು. ಅಂದಿನ ಕಾಳಗದಲ್ಲಿ ಟಿಪ್ಪು ಸುಲ್ತಾನನು ಮಡಿದನು. ಅನಂತರ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಜಧಾನಿಯು ಮೈಸೂರಿಗೆ ವರ್ಗವಾಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಯು ತನ್ನಲ್ಲೇ ಉಳಿಸಿಕೊಂಡಿತು. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯಲ್ಲಿಯೂ ಸೇವೆ ಸಲ್ಲಿಸಿ ರಾಜ್ಯದ ಲೆಕ್ಕಪತ್ರಗಳನ್ನು ಅಂಗೈ ರೇಖೆಯಂತೆ ಬಲ್ಲ ಪೂರ್ಣಯ್ಯನವರು ದಿವಾನರಾದರು. ಯುದ್ಧಗಳಿಂದ ಬಳಲಿದ್ದ ನಾಡು ಅವರ ಮುಂದಿತ್ತು. ಕೆರೆಗಳನ್ನು ಕಟ್ಟಿಸಬೇಕು, ಕಾಲುವೆಗಳನ್ನು ತೋಡಿಸಬೇಕು, ರಸ್ತೆಗಳನ್ನು ಸರಿಪಡಿಸಬೇಕು. ರಸ್ತೆ ಎಷ್ಟು ಚೆನ್ನಾಗಿದ್ದರೇನು? ಅದು ನದಿಯ ದಡಕ್ಕೆ ಬಂದು ನಿಂತುಬಿಟ್ಟರೆ ಪ್ರಯೋಜನವಿಲ್ಲ. ಆದ್ದರಿಂದ ಸೇತುವೆಯ ಕೆಲಸ ಮೊದಲಾಯಿತು. 1804ರಲ್ಲಿ ಅದು ಪೂರ್ಣಗೊಂಡಿತು.

ಸೇತುವೆಯ ರಚನೆಯನ್ನು ಮೂರು ಮಾತುಗಳಲ್ಲಿ ಹೇಳಿಬಿಡಬಹುದು: ಕಂಬ, ಬೋದಿಗೆ, ತೊಲೆ. ನದಿಯ ಪಾತ್ರದಲ್ಲಿ ಸಾಲುಸಾಲಾಗಿ ಕಲ್ಲಿನ ಕಂಬಗಳು ನಿಂತಿವೆ. ಪ್ರತಿಯೊಂದು ಕಂಬದ ತಲೆಯ ಮೇಲೆ ಅತ್ತಿತ್ತ ಚಾಚಿದ ಕಲ್ಲಿನ ಬೋದಿಗೆಯಿದೆ. ಬೋದಿಗೆಯಿಂದ ಬೋದಿಗೆಗೆ ಕಲ್ಲಿನ ತೊಲೆಗಳನ್ನು ಹಾಸಿ ಅವುಗಳ ಮೇಲೆ ದಾರಿಯನ್ನು ನಿರ್ಮಿಸಲಾಗಿದೆ. ನೋಟಕ್ಕೆ ಇದು ಒರಟಾದ ಕಟ್ಟಡ. ಇದರಲ್ಲಿ ಅಲಂಕಾರವಿಲ್ಲ, ಕೆತ್ತನೆಯಿಲ್ಲ. ಆದರೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರೆ ಈ ರೂಪವನ್ನು ಮೊದಲೇ ಎಲ್ಲಿಯೋ ಕಂಡಂತೆ ತೋರುತ್ತದೆ. ಹೌದು, ನಮ್ಮ ಊರಿನ ದೇವಾಲಯದ ಮುಖಮಂಟಪದಲ್ಲಿ ಕಂಡದ್ದೂ ಇದೇ ರೂಪ. ಅಲ್ಲಿ ಕಂಬ, ಬೋದಿಗೆ, ತೊಲೆಗಳು ಮಾಡನ್ನು ಹೊತ್ತಿವೆ. ಇಲ್ಲಿ ಅವು ರಸ್ತೆಯನ್ನು ಹೊತ್ತಿವೆ. ಮಂಟಪವನ್ನು ಕಟ್ಟುತ್ತಿದ್ದ ಕೈಗಳೇ ಅದನ್ನು ಉದ್ದಕ್ಕೆ ಎಳೆದು ನದಿಯ ಮೇಲೆ ಹಾಸಿದಂತಿದೆ.

ಈ ವಿದ್ಯೆ ಪೂರ್ಣಯ್ಯನವರ ಕಾಲಕ್ಕೆ ಹೊಸದಾಗಿರಲಿಲ್ಲ. ಹಂಪೆಗೂ ಆನೆಗೊಂದಿಗೂ ನಡುವೆ ತುಂಗಭದ್ರೆಯಲ್ಲಿ ವಿಜಯನಗರದ ಕಾಲದ ಸೇತುವೆಯೊಂದರ ಕಲ್ಲುಕಂಬಗಳು ಈಗಲೂ ಸಾಲಾಗಿ ನಿಂತಿರುವುದನ್ನು ಕಾಣಬಹುದು. ಮೇಲಿನ ಹಾಸು ಹೋಗಿದ್ದರೂ ಕಂಬಗಳು ಹೋಗಿಲ್ಲ. ಇಂಗ್ಲೆಂಡಿನಲ್ಲಿ ಆ ವೇಳೆಗಾಗಲೇ ಬೇರೆ ಬಗೆಯ ಪ್ರಯೋಗ ನಡೆದಿತ್ತು. ಅಲ್ಲಿನ ಕೋಲ್‌ಬ್ರೂಕ್‌ಡೇಲ್ ಬಳಿ ಸೆವರ್ನ್ ನದಿಗೆ 1779ರಲ್ಲಿ ಎರಕದ ಕಬ್ಬಿಣದ ಕಮಾನನ್ನು ನಿಲ್ಲಿಸಿದರು. ಸುಮಾರು ನೂರು ಅಡಿ ಅಗಲದ ನದಿಯನ್ನು ಒಂದೇ ನೆಗೆತಕ್ಕೆ ದಾಟುವ ಸೇತುವೆ ಅದು. ಮೈಸೂರಿನಲ್ಲಿ ಅಂತಹ ದೊಡ್ಡ ಎರಕದ ಕಾರ್ಖಾನೆ ಇರಲಿಲ್ಲ. ಆದರೆ ಭೂಮಿಯ ಮೇಲೆಯೇ ಬಿದ್ದಿರುವ ಗಟ್ಟಿಯಾದ ಕಣಶಿಲೆಯಿತ್ತು. ಅದನ್ನು ಸೀಳಬಲ್ಲ ಕಲ್ಲುಕುಟಿಗರಿದ್ದರು. ಕೈಗೆ ಎಟುಕುವ ವಸ್ತುವನ್ನೂ ನಾಡಿನಲ್ಲೇ ಇರುವ ವಿದ್ಯೆಯನ್ನೂ ಬಳಸಿ ಕಾರ್ಯವನ್ನು ಸಾಧಿಸುವುದೂ ಒಂದು ಜಾಣತನ.

ಕಲ್ಲಿನ ಗುಣವನ್ನು ಬಲ್ಲವರಿಗೆ ಮಾತ್ರ ಕಲ್ಲುಸೇತುವೆಯ ಗುಟ್ಟು ತಿಳಿಯುತ್ತದೆ. ಕಣಶಿಲೆಯ ಮೇಲೆ ಭಾರವನ್ನಿಟ್ಟು ಒತ್ತಿದರೆ ಅದು ಅಪಾರವಾದ ಒತ್ತಡವನ್ನು ತಾಳಬಲ್ಲುದು. ಅದನ್ನೇ ಎರಡು ಕಡೆಗಳಿಂದ ಹಿಡಿದು ಎಳೆದರೆ ಅದರ ಶಕ್ತಿ ಬಹಳ ಕಡಮೆ. ಒತ್ತಡವನ್ನು ತಾಳುವ ಶಕ್ತಿಯ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿಯೇ ಅದು ಬಿರಿಯುತ್ತದೆ. ಕಂಬಕ್ಕೆ ಇದರಿಂದ ತೊಂದರೆಯಿಲ್ಲ. ಕಂಬದ ಮೇಲೆ ಬೀಳುವ ಭಾರವು ಅದನ್ನು ನೇರವಾಗಿ ಕೆಳಕ್ಕೆ ಒತ್ತುತ್ತದೆ. ತೊಂದರೆ ತೊಲೆಗೆ. ಎರಡು ಆಸರೆಗಳ ನಡುವೆ ಅಡ್ಡವಾಗಿ ಮಲಗಿರುವ ತೊಲೆಯ ಮೇಲೆ ಬಂಡಿಯೊಂದು ನಿಂತಾಗ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಮೈ ಒತ್ತಡಕ್ಕೆ ಸಿಕ್ಕಿ ಕುಗ್ಗುತ್ತದೆ. ಕೆಳಮೈ ಎಳೆತಕ್ಕೆ ಸಿಕ್ಕಿ ಹಿಗ್ಗುತ್ತದೆ. ಒಂದು ಸೀಮೆಸುಣ್ಣದ ಕಡ್ಡಿಯನ್ನು ಎರಡು ಪುಸ್ತಕಗಳ ಮೇಲೆ ಅಡ್ಡಲಾಗಿಟ್ಟು ನಡುವೆ ಬೆರಳಿನಿಂದ ಒತ್ತಿ ನೋಡಿರಿ. ಸ್ವಲ್ಪ ಒತ್ತಿದೊಡನೆ ಅದು ಮುರಿಯುತ್ತದೆ. ಬಿರುಕು ಹೊರಡುವುದು ಕೆಳಗಿನಿಂದ. ಅದೇ ಕಡ್ಡಿಯ ಒಂದು ತುಂಡನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಒತ್ತಿದರೆ ಅದು ಅಷ್ಟು ಸುಲಭವಾಗಿ ಸೋಲುವುದಿಲ್ಲ.

ಹಾಗಾದರೆ ತೊಲೆಯನ್ನು ಕಾಪಾಡುವುದು ಹೇಗೆ? ಆಸರೆಗಳ ನಡುವಣ ಅಂತರವನ್ನು ಕಡಮೆ ಮಾಡಬೇಕು. ತೊಲೆಯ ಸ್ವಂತ ಭಾರದಿಂದ ಅದರ ನಡುವೆ ಉಂಟಾಗುವ ಎಳೆತವು ಅಂತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದು ಯಂತ್ರಶಾಸ್ತ್ರದ ನಿಯಮ. ಅಂತರ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ಕಲ್ಲುಸೇತುವೆಗೆ ಒತ್ತಾದ ಕಂಬಗಳು ಬೇಕು. ಬೋದಿಗೆಯ ಮಹತ್ತ್ವವೂ ಇಲ್ಲಿಯೇ ಇದೆ. ಉದಾಹರಣೆಗೆ, ಎರಡು ಕಂಬಗಳ ನಡುವೆ ಎಂಟು ಅಡಿ ಅಂತರವಿದೆಯೆಂದು ಭಾವಿಸೋಣ. ಎರಡೂ ಕಡೆಯ ಬೋದಿಗೆಗಳು ಒಂದೂವರೆ ಅಡಿಯಂತೆ ಮುಂದಕ್ಕೆ ಚಾಚಿದರೆ ತೊಲೆಯು ಆಸರೆಯಿಲ್ಲದೆ ದಾಟಬೇಕಾದ ದೂರ ಐದು ಅಡಿ ಮಾತ್ರ. ಎಂಟರ ವರ್ಗ ಅರವತ್ತನಾಲ್ಕು, ಐದರ ವರ್ಗ ಇಪ್ಪತ್ತೈದು. ಅಂದರೆ ತೊಲೆಯ ಮೇಲಿನ ಎಳೆತ ಐದರಲ್ಲಿ ಎರಡು ಪಾಲಿಗೆ ಇಳಿಯಿತು. ಒಂದು ಕಂಬವನ್ನೂ ಹೆಚ್ಚಿಗೆ ನಿಲ್ಲಿಸದೆ, ತಲೆಯ ಮೇಲೊಂದು ತುಂಡುಗಲ್ಲನ್ನಿಟ್ಟು ಇಷ್ಟು ಲಾಭವನ್ನು ಪಡೆಯಲಾಯಿತು. ಕಲ್ಲುಕುಟಿಗರು ಈ ವರ್ಗದ ಲೆಕ್ಕವನ್ನು ಕಾಗದದ ಮೇಲೆ ಬರೆದಿರಲಾರರು. ಆದರೆ ಯಾವ ತೊಲೆ ಬಾಳುತ್ತದೆ, ಯಾವುದು ಬಿರಿಯುತ್ತದೆ ಎಂಬುದನ್ನು ತಲೆತಲಾಂತರದ ಅನುಭವ ಅವರಿಗೆ ಕಲಿಸಿತ್ತು.

ಕಲ್ಲಿನ ತೂಕವನ್ನೂ ಒಮ್ಮೆ ನೆನೆಯೋಣ. ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ದಪ್ಪವಿರುವ ಒಂದು ಕಣಶಿಲೆಯ ತೊಲೆ ಸುಮಾರು ಒಂಬೈನೂರು ಕಿಲೋಗ್ರಾಂ ತೂಗುತ್ತದೆ. ಅಂತಹ ಕಲ್ಲನ್ನು ಬಂಡೆಯಿಂದ ಬೇರ್ಪಡಿಸಬೇಕು. ಬಂಡೆಯ ಮೇಲೆ ಗೆರೆಯನ್ನೆಳೆದು, ಗೆರೆಯುದ್ದಕ್ಕೂ ಚಾಣದಿಂದ ಗುಳಿಗಳನ್ನು ತೋಡಿ, ಗುಳಿಗಳಲ್ಲಿ ಕಬ್ಬಿಣದ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದರಂತೆ ಹದವಾಗಿ ಬಡಿಯುತ್ತ ಹೋಗುವುದು ನಮ್ಮ ಕಲ್ಲುಕುಟಿಗರ ರೂಢಿ. ಬಡಿತದ ಸದ್ದು ಬದಲಾಗುವುದನ್ನು ಅವರು ಕಿವಿಗೊಟ್ಟು ಕೇಳುತ್ತಾರೆ. ಕಲ್ಲು ಸೀಳುವ ಕ್ಷಣವನ್ನು ಕಣ್ಣಿಗಿಂತ ಮೊದಲು ಕಿವಿ ಅರಿಯುತ್ತದೆ. ಸೀಳಿದ ಕಲ್ಲನ್ನು ಬಂಡಿಯ ಮೇಲೇರಿಸಿ, ದಡಕ್ಕೆ ತಂದು, ಹಗ್ಗ, ಸನ್ನೆಗೋಲು, ಎತ್ತು, ಮನುಷ್ಯರ ತೋಳು ಇವುಗಳ ಬಲದಿಂದಲೇ ಕಂಬದ ಮೇಲೆ ಕೂರಿಸಬೇಕು. ಆ ಕಾಲದಲ್ಲಿ ಉಗಿಯಂತ್ರವಾಗಲಿ ಎಣ್ಣೆಯಂತ್ರವಾಗಲಿ ನಮ್ಮ ನದಿಯ ದಡಕ್ಕೆ ಬಂದಿರಲಿಲ್ಲ. ನದಿಯಲ್ಲಿ ನೀರು ಇಳಿದಿರುವ ತಿಂಗಳುಗಳಲ್ಲಿ ಮಾತ್ರ ಪಾತ್ರದಲ್ಲಿ ಇಳಿದು ಕೆಲಸ ಮಾಡಲು ಸಾಧ್ಯ. ಮುಂಗಾರಿನ ಮೊದಲ ಕೆನ್ನೀರು ಕಾಣಿಸಿಕೊಂಡಾಗ ಅರೆಯಾದ ಕೆಲಸವನ್ನು ಬಿಟ್ಟು ದಡ ಹತ್ತಬೇಕಾಗುತ್ತದೆ.

ಸೇತುವೆಗೆ ಮೇಲಿನ ಬಂಡಿಗಿಂತ ಕೆಳಗಿನ ನೀರೇ ದೊಡ್ಡ ಶತ್ರು. ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಕಂಬವನ್ನು ತಳ್ಳುವ ಬಲ ನಾಲ್ಕು ಮಡಿಯಾಗುತ್ತದೆ. ಪ್ರವಾಹದಲ್ಲಿ ತೇಲಿಬರುವ ಮರದ ದಿಮ್ಮಿಗಳು ಕಂಬಗಳಿಗೆ ಬಡಿಯುತ್ತವೆ. ಇವೆರಡಕ್ಕಿಂತಲೂ ಕಪಟಿಯಾದ ಶತ್ರು ಮತ್ತೊಂದಿದೆ. ಅದು ಕೊರೆತ. ನೀರು ಕಂಬಕ್ಕೆ ಬಡಿದು ಸುಳಿಯಾಗಿ ಕೆಳಕ್ಕಿಳಿದು ಕಂಬದ ಬುಡದ ಮರಳನ್ನೂ ಮಣ್ಣನ್ನೂ ತೋಡಿ ಒಯ್ಯುತ್ತದೆ. ಮೇಲೆ ನಿಂತವರಿಗೆ ಸೇತುವೆ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಬುಡ ಬರಿದಾಗಿರುತ್ತದೆ. ಪ್ರಪಂಚದಲ್ಲಿ ಕುಸಿದ ಸೇತುವೆಗಳಲ್ಲಿ ಬಹಳಷ್ಟು ಈ ಕೊರೆತಕ್ಕೆ ಬಲಿಯಾದವು. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಪಾತ್ರ ಬಂಡೆಗಳಿಂದ ತುಂಬಿದೆ. ಬಂಡೆಯನ್ನು ನೀರು ಸವೆಯಿಸೀತು, ಆದರೆ ಅದಕ್ಕೆ ಸಾವಿರಾರು ವರ್ಷ ಬೇಕು. 1799ರಲ್ಲಿ ಯಾವ ಬಂಡೆಗಳ ಪಾತ್ರ ಆಕ್ರಮಣಕಾರರಿಗೆ ದಾರಿಯಾಯಿತೋ ಅಂತಹ ಪಾತ್ರವೇ ಐದು ವರ್ಷಗಳಲ್ಲಿ ಸೇತುವೆಗೆ ನೆಲೆಯಾಯಿತು.

ಈ ರಚನೆಯಲ್ಲಿ ದೋಷವೇ ಇಲ್ಲವೆಂದಲ್ಲ. ಒತ್ತಾದ ಕಂಬಗಳು ನದಿಯ ಪಾತ್ರವನ್ನು ಕಿರಿದುಗೊಳಿಸುತ್ತವೆ. ನೀರು ಹಾಯಲು ಜಾಗ ಸಾಲದೆ ಸೇತುವೆಯ ಮೇಲ್ಗಡೆ ಮಟ್ಟ ಏರುತ್ತದೆ. ಕಂಬಗಳ ನಡುವೆ ಪೊದೆ, ದಿಮ್ಮಿಗಳು ಸಿಕ್ಕಿಕೊಂಡರೆ ಸೇತುವೆಯು ಅಣೆಕಟ್ಟೆಯಂತೆ ನೀರನ್ನು ತಡೆಯತೊಡಗುತ್ತದೆ. ಹೊತ್ತ ಭಾರದ ಜೊತೆಗೆ ತಡೆದ ನೀರಿನ ಭಾರವನ್ನೂ ಅದು ತಾಳಬೇಕಾಗುತ್ತದೆ. ಹೀಗಿದ್ದರೂ ವೆಲ್ಲೆಸ್ಲಿ ಸೇತುವೆಯು ಹಲವು ನೆರೆಗಳನ್ನು ಕಂಡು ಉಳಿಯಿತು. 1924ರ ಜುಲೈ ತಿಂಗಳಿನಲ್ಲಿ ಕಾವೇರಿಗೆ ಬಂದ ಮಹಾಪೂರವನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಆಗ ಮೇಲಿನ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಇನ್ನೂ ನಡೆಯುತ್ತಿತ್ತು. ಸೇತುವೆ ಆ ಪರೀಕ್ಷೆಯಲ್ಲಿಯೂ ಗೆದ್ದಿತು.

ಮುಂದಿನ ತಲೆಮಾರಿನವರು ಬೇರೆ ದಾರಿಯನ್ನು ಹಿಡಿದರು. ಹರಿಹರದಲ್ಲಿ ತುಂಗಭದ್ರೆಗೆ ಕಟ್ಟಿದ ಸೇತುವೆ 1868ರಲ್ಲಿ ಮುಗಿಯಿತು. ಅದು ಕಲ್ಲು ಮತ್ತು ಇಟ್ಟಿಗೆಯದು. ಅದರಲ್ಲಿ ಹದಿನಾಲ್ಕು ಕಮಾನುಗಳಿವೆ. ಒಂದೊಂದು ಕಮಾನೂ ಅರುವತ್ತು ಅಡಿ ದೂರವನ್ನು ದಾಟುತ್ತದೆ. ಕಲ್ಲಿನ ತೊಲೆಯಿಂದ ಆಗದ ಕಾರ್ಯ ಕಲ್ಲಿನ ಕಮಾನಿನಿಂದ ಹೇಗಾಯಿತು? ಕಮಾನಿನಲ್ಲಿ ಪ್ರತಿಯೊಂದು ಕಲ್ಲೂ ತನ್ನ ನೆರೆಯ ಕಲ್ಲನ್ನು ಒತ್ತುತ್ತದೆ. ಭಾರವು ಒಂದರಿಂದ ಒಂದಕ್ಕೆ ಒತ್ತಡವಾಗಿಯೇ ಸಾಗಿ ಬುಡವನ್ನು ಸೇರುತ್ತದೆ. ಎಳೆತಕ್ಕೆ ಅಲ್ಲಿ ಎಡೆ ಬಹಳ ಕಡಮೆ. ಕಲ್ಲಿನ ಬಲವನ್ನು ಬಳಸಿ ಅದರ ದೌರ್ಬಲ್ಯವನ್ನು ಮರೆಸುವ ಉಪಾಯವಿದು. ಇಪ್ಪತ್ತನೆಯ ಶತಮಾನದಲ್ಲಿ ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳನ್ನು ಹೂಳುವ ಪದ್ಧತಿ ನಮ್ಮಲ್ಲಿ ಬಳಕೆಗೆ ಬಂದಿತು. ಅಲ್ಲಿ ಒತ್ತಡವನ್ನು ಕಾಂಕ್ರೀಟು ತಾಳುತ್ತದೆ, ಎಳೆತವನ್ನು ಉಕ್ಕು ತಾಳುತ್ತದೆ. ಬೋದಿಗೆ, ಕಮಾನು, ಉಕ್ಕಿನ ಸರಳು ಈ ಮೂರೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳು.

ಇನ್ನು ಹೆಸರಿನ ಸಂಗತಿ. ಸೇತುವೆಗೆ ಹೆಸರಿತ್ತವನು ಮಾರ್ಕ್ವಿಸ್ ವೆಲ್ಲೆಸ್ಲಿ. 1798ರಿಂದ 1805ರವರೆಗೆ ಕಂಪನಿಯ ಗವರ್ನರ್ ಜನರಲ್ ಆಗಿದ್ದವನು ಅವನೇ. ಟಿಪ್ಪುವಿನ ವಿರುದ್ಧದ ಕೊನೆಯ ಯುದ್ಧ ನಡೆದದ್ದು ಅವನ ಕಾಲದಲ್ಲಿ. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿಯು ಯುದ್ಧಾನಂತರ ಶ್ರೀರಂಗಪಟ್ಟಣದಲ್ಲಿ ಸೇನಾಧಿಕಾರಿಯಾಗಿದ್ದನು. ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಅವನೇ. ಅಣ್ಣತಮ್ಮಂದಿರನ್ನು ಒಬ್ಬರೆಂದು ಭ್ರಮಿಸಬಾರದು. ಗೆದ್ದವರ ಹೆಸರನ್ನು ಸೇತುವೆಗೆ ಇಟ್ಟುದರಲ್ಲಿ ಅಂದಿನ ರಾಜಕಾರಣದ ಬಿಗಿ ಕಾಣುತ್ತದೆ. ಬಾಲಕ ರಾಜ, ದುರ್ಬಲವಾದ ಸಂಸ್ಥಾನ, ಪ್ರಬಲವಾದ ಕಂಪನಿ, ಇವುಗಳ ನಡುವೆ ನಾಡನ್ನು ನಡೆಸಬೇಕಾಗಿದ್ದ ಮಂತ್ರಿಗೆ ಹೆಸರು ದೊಡ್ಡದಾಗಿ ತೋರಿರಲಾರದು, ದಾರಿ ದೊಡ್ಡದಾಗಿ ತೋರಿರಬಹುದು. ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ನಿವೃತ್ತರಾಗಿ ಮರುವರ್ಷವೇ ಶ್ರೀರಂಗಪಟ್ಟಣದಲ್ಲಿ ಕಾಲವಾದರು. ವೆಲ್ಲೆಸ್ಲಿಯ ಅಧಿಕಾರ ಹೋಯಿತು, ಕಂಪನಿಯೂ ಹೋಯಿತು, ಸಾಮ್ರಾಜ್ಯವೂ ಹೋಯಿತು. ಸೇತುವೆ ಉಳಿಯಿತು.

ಆದರೆ ಎಲ್ಲ ಸೇತುವೆಗಳೂ ಹೀಗೆ ಉಳಿಯುವುದಿಲ್ಲ. ಇದೇ ಕಾವೇರಿಗೆ ಶಿವನಸಮುದ್ರದ ಬಳಿ ಇದೇ ಮಾದರಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದ ಕಲ್ಲುಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹಳೆಯದು ಬಿದ್ದುದರಲ್ಲಿ ಆಶ್ಚರ್ಯವೇನು ಎಂದು ನೀವು ಕೇಳಬಹುದು. ಹೊಸದೂ ಬೀಳುತ್ತದೆ. ಕಾರವಾರದ ಬಳಿ ಕಾಳಿ ನದಿಗೆ ಕಟ್ಟಿದ್ದ, 1980ರ ದಶಕದಿಂದ ಬಳಕೆಯಲ್ಲಿದ್ದ ಕಾಂಕ್ರೀಟು ಸೇತುವೆ 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಕುಸಿಯಿತು. ಲಾರಿಯೊಂದು ನದಿಗೆ ಬಿದ್ದಿತು. ಅದರ ಚಾಲಕನನ್ನು ನೀರಿನಿಂದ ಪಾರುಮಾಡಿದರು. ಹಗಲಿನ ಸಂಚಾರದ ವೇಳೆಯಲ್ಲಿ ಹಾಗಾಗಿದ್ದರೆ ಎಷ್ಟು ಮನೆಗಳಲ್ಲಿ ದುಃಖ ತುಂಬುತ್ತಿತ್ತೋ ಊಹಿಸುವುದೂ ಕಷ್ಟ. ಇನ್ನೂರು ವರ್ಷ ಹಳೆಯದಾದ ಸೇತುವೆ ನಿಂತಿದೆ, ಇನ್ನೂ ಅರ್ಧ ಶತಮಾನವನ್ನೂ ಕಾಣದ ಸೇತುವೆ ಬಿದ್ದಿದೆ ಎಂದ ಮಾತ್ರಕ್ಕೆ ಹಿಂದಿನವರೆಲ್ಲ ಜಾಣರು, ಇಂದಿನವರೆಲ್ಲ ದಡ್ಡರು ಎಂದು ತೀರ್ಮಾನಿಸಬಾರದು. ಹಿಂದಿನವರು ಕಟ್ಟಿದವುಗಳಲ್ಲಿ ಬಿದ್ದುಹೋದವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಉಳಿದವು ಮಾತ್ರ ಕಾಣುತ್ತವೆ. ಇಂದಿನ ಸೇತುವೆಗಳು ಹೊರುವ ಭಾರವನ್ನು ಅಂದಿನ ಸೇತುವೆಗಳು ಕನಸಿನಲ್ಲಿಯೂ ಕಂಡಿರಲಿಲ್ಲ. ಸಮುದ್ರದ ಬಳಿಯ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಉಕ್ಕನ್ನು ತುಕ್ಕು ಹಿಡಿಸುವ ಸಂಕಟ ಕಲ್ಲಿಗೆ ಇಲ್ಲ.

ಇವುಗಳಿಂದ ನಾವು ಕಲಿಯಬೇಕಾದ ನೀತಿ ಬೇರೆಯೇ ಆಗಿದೆ. ಸೇತುವೆಯನ್ನು ಕಟ್ಟಿದ ದಿನ ಹಬ್ಬ ಮಾಡುತ್ತೇವೆ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಹಬ್ಬವಿಲ್ಲ. ಕಲ್ಲಿನ ಸಂದಿನಲ್ಲಿ ಹಕ್ಕಿ ಬೀಳಿಸಿದ ಅರಳಿಯ ಬೀಜ ಮೊಳೆತಾಗ ಅದನ್ನು ಎರಡು ಬೆರಳಿನಿಂದ ಕೀಳಬಹುದು. ಹತ್ತು ವರ್ಷ ಬಿಟ್ಟರೆ ಅದರ ಬೇರು ತೊಲೆಯನ್ನೇ ಜರುಗಿಸುತ್ತದೆ. ನೆರೆ ಇಳಿದ ಮೇಲೆ ಕಂಬಗಳಿಗೆ ಸಿಕ್ಕಿಕೊಂಡ ದಿಮ್ಮಿಗಳನ್ನು ತೆಗೆಯಬೇಕು, ಬುಡದಲ್ಲಿ ಕೊರೆತವಾಗಿದೆಯೇ ಎಂದು ನೋಡಬೇಕು, ಹೊರಲಾರದ ಭಾರವನ್ನು ಮೇಲೆ ಬಿಡಬಾರದು. ಇವು ಸಣ್ಣ ಕೆಲಸಗಳು. ಸೇತುವೆಗಳ ಆಯುಷ್ಯ ನಿರ್ಧಾರವಾಗುವುದು ಇಂತಹ ಸಣ್ಣ ಕೆಲಸಗಳಿಂದಲೇ. ಇಂದು ಬೆಂಗಳೂರು ಮೈಸೂರುಗಳ ನಡುವೆ 2023ರಲ್ಲಿ ಉದ್ಘಾಟನೆಗೊಂಡ ಹೆದ್ದಾರಿಯು ಶ್ರೀರಂಗಪಟ್ಟಣದ ಹೊರಗಿನಿಂದಲೇ ಹಾದುಹೋಗುತ್ತದೆ. ಭಾರವಾದ ವಾಹನಗಳು ಹೊಸ ಸೇತುವೆಗಳ ಮೇಲೆ ಓಡುತ್ತವೆ. ಹಳೆಯ ಸೇತುವೆಯತ್ತ ತಿರುಗಿ ನೋಡುವವರು ಕಡಮೆ. ಬಳಕೆ ತಪ್ಪಿದ್ದನ್ನು ಮರೆಯುವುದು ಸುಲಭ. ಮರೆತದ್ದು ಕೆಡುವುದು ಇನ್ನೂ ಸುಲಭ.

ಕಟ್ಟಿದವರು ಯಾರು ಎಂದು ಕೇಳಿದ ಆ ಹುಡುಗಿಗೆ ನಾನು ಇಂದು ಏನು ಹೇಳಬಲ್ಲೆ? ಅವರ ಹೆಸರುಗಳನ್ನು ಹೇಳಲಾರೆ. ಕೆಲಸವನ್ನು ಮಾತ್ರ ತೋರಿಸಬಲ್ಲೆ. ಆ ದಿನ ಅವಳು ನನ್ನ ಉತ್ತರಕ್ಕೆ ಕಾಯದೆ ಕೆಳಗಿಳಿದು ಹೋಗಿ ಕಂಬವೊಂದರ ಮೈಮೇಲೆ ಅಂಗೈಯಿಟ್ಟು ಸವರುತ್ತಿದ್ದಳು. "ಇಲ್ಲಿ ಚಾಣದ ಗುರುತಿದೆ ಸಾರ್. ನಮ್ಮಪ್ಪ ಹೊಡೆದ ಕಲ್ಲಿನ ಮೇಲೂ ಹೀಗೆಯೇ ಇರುತ್ತದೆ" ಎಂದಳು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಆ ಗುರುತುಗಳ ಮೇಲೆ ಕೈಯಿಟ್ಟರು. ಇನ್ನೂರು ವರ್ಷಗಳ ಹಿಂದೆ ಬಿಸಿಲಿನಲ್ಲಿ ಕುಳಿತು ಒಂದೊಂದೇ ಏಟನ್ನು ಎಣಿಸಿ ಹೊಡೆದ ಯಾವನೋ ಒಬ್ಬನ ಕೈ ಅಲ್ಲಿತ್ತು. ಕೆಳಗೆ ಕಾವೇರಿ ಕಂಬಗಳನ್ನು ಬಳಸಿಕೊಂಡು ಮುಂದಕ್ಕೆ, ನಮ್ಮ ಊರಿನ ನಲ್ಲಿಗಳ ಕಡೆಗೆ ಹರಿಯುತ್ತಿತ್ತು.

ಪದಗಳ ಅರ್ಥ

ಅಗಳು: ಕೋಟೆಯ ಸುತ್ತಣ ಕಂದಕ. ಬೋದಿಗೆ: ಕಂಬದ ತಲೆಯ ಮೇಲೆ ಅತ್ತಿತ್ತ ಚಾಚಿರುವ ಆಸರೆಗಲ್ಲು. ಕಣಶಿಲೆ: ಗ್ರಾನೈಟ್ ಕಲ್ಲು. ಚಾಣ: ಕಲ್ಲು ಕಡೆಯುವ ಉಳಿ. ಸನ್ನೆಗೋಲು: ಭಾರವನ್ನು ಮೀಟಿ ಎತ್ತುವ ಕೋಲು. ಕೆನ್ನೀರು: ಮಣ್ಣು ಬೆರೆತ ಹೊಸ ನೀರು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ವೆಲ್ಲೆಸ್ಲಿ ಸೇತುವೆಯನ್ನು ಕಟ್ಟಿಸಿದವರು ಯಾರು?
2. ಹರಿಹರದ ಸೇತುವೆಯಲ್ಲಿ ಎಷ್ಟು ಕಮಾನುಗಳಿವೆ?
3. ಕೊರೆತವೆಂದರೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಲ್ಲುಸೇತುವೆಗೆ ಒತ್ತಾದ ಕಂಬಗಳು ಏಕೆ ಬೇಕು?
2. ಬೋದಿಗೆಯಿಂದ ತೊಲೆಗೆ ಆಗುವ ಪ್ರಯೋಜನವೇನು?
3. "ಹಿಂದಿನವರೆಲ್ಲ ಜಾಣರು, ಇಂದಿನವರೆಲ್ಲ ದಡ್ಡರು ಎಂದು ತೀರ್ಮಾನಿಸಬಾರದು." ಲೇಖಕರು ಇದಕ್ಕೆ ಕೊಡುವ ಕಾರಣಗಳನ್ನು ವಿವರಿಸಿರಿ.

ಇ. ನಿಮ್ಮ ಊರಿನ ಸಮೀಪದಲ್ಲಿರುವ ಸೇತುವೆಯನ್ನೋ ಕೆರೆಯ ತೂಬನ್ನೋ ಹಿರಿಯರೊಡನೆ ಹೋಗಿ ನೋಡಿರಿ. ಅದನ್ನು ಯಾವ ವಸ್ತುವಿನಿಂದ ಕಟ್ಟಿದ್ದಾರೆ, ಈಗ ಅದರ ಸ್ಥಿತಿ ಹೇಗಿದೆ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ.